ಸುಣ್ಣ ತಿಂದ ಬೀಜ

ಹಡಗು ಬಾಂದಾ ಮುಟ್ಟಿದಾಗ ಇನ್ನೂ ಕತ್ತಲು.
ಎರಡು ರಾತ್ರಿ ಡೆಕ್ಕಿನ ಮೇಲೆ
ಕೋಳಿಬುಟ್ಟಿ, ಸಿಮೆಂಟು ಚೀಲಗಳ ನಡುವೆ
ಕೂತೇ ಬಂದಿದ್ದಳು ಅಜ್ಜಿ ನೂರ್ಸಿಯಾ,
ಮಡಿಲಲ್ಲಿ ತಾನೇ ತಟ್ಟಿ ಸುಟ್ಟ ಮಣ್ಣಿನ ಕೊಡ.
'ತವರಿಗೆ ಬರಿಗೈಲಿ ಹೋಗಬಾರದು.'
ತವರಂತೆ!
ಅವಳಿರಲಿ, ಅವಳಜ್ಜಿಯ ಅಜ್ಜಿಯೂ ಕಾಣದ ತವರು.
ಲೆಕ್ಕ ಹಿಡಿದರೆ ನಾನೂರು ವರ್ಷ.

ಓಡಿಬಂದವರು ನಾವು, ಕೇಯಿ ದ್ವೀಪದ ದಂಡೆಗೆ,
ರಾತ್ರೋರಾತ್ರಿ, ಸಿಕ್ಕ ದೋಣಿ ಹತ್ತಿ.
ಹೊತ್ತು ತರಲಾಗಿದ್ದು ನಾಲಿಗೆಯ ಮೇಲೆ ಹಿಡಿಸಿದಷ್ಟೇ.
ಆ ಮಾತಿನಲ್ಲೇ ಇವತ್ತೂ ಸಾಲ ಕೇಳುತ್ತೇವೆ,
ಆಡು ಗದರುತ್ತೇವೆ,
ಜ್ವರ ಬಂದ ಮಗುವಿಗೆ ಸುಳ್ಳು ಹೇಳಿ ಮಲಗಿಸುತ್ತೇವೆ.

ಧಕ್ಕೆಯ ಅಂಗಡಿಯಲ್ಲಿ ಅಜ್ಜಿ ಜಾಯಿಕಾಯಿ ಕೇಳಿದಳು.
ಮಲಯ್ ಬರುತ್ತದೆ ಅವಳಿಗೆ, ಬೇಕೆಂದೇ ಆಡಲಿಲ್ಲ.
ನಮ್ಮ ಮಾತಲ್ಲಿ ಅದಕ್ಕೊಂದು ಪದವಿದೆ;
ಇಲ್ಲಿ ಬರೆಯಲಾರೆ, ಬರೆದರೆ ಒಣಗುತ್ತದೆ.
ಅಂಗಡಿಯವ ಹುಣಸೆ ತೋರಿಸಿದ,
ಆಮೇಲೆ ಬ್ಯಾಟರಿ.
ಆ ಪದ ಹುಟ್ಟಿದ ಊರಲ್ಲಿ
ಆ ಪದಕ್ಕೆ ಕಿವಿಯಿಲ್ಲ.

ಅವನ ತಪ್ಪಲ್ಲ. ಹೆಸರು ಲಾ ಜಾಮು, ಮೂಲ ಬುತೋನ್.
ಮುತ್ತಜ್ಜನ ಅಪ್ಪನನ್ನು ತಂದಿಳಿಸಿದ್ದು ಇದೇ ಧಕ್ಕೆಗೆ,
ಹೆಸರಿನ ಜಾಗದಲ್ಲಿ ಒಂದು ಅಂಕಿ ಬರೆದು.
ನಮ್ಮನ್ನು ಗುಡಿಸಿದ ನೆಲಕ್ಕೆ
ಬುಟ್ಟಿಯಿಂದ ಸುರಿದ ಮಂದಿ ಅವರು.

ಅಜ್ಜಿ ಕೊನೆಗೆ ಗುಡ್ಡದ ಕಡೆ ಕೈ ಮಾಡಿದಳು.
ಅವನೇ ಕರೆದೊಯ್ದ, ಅಂಗಡಿ ಹೆಂಡತಿಗೆ ಬಿಟ್ಟು.
ಮುಗಿಲೆತ್ತರದ ಕೆನಾರಿ ಮರಗಳು, ಅವುಗಳಡಿಯಲ್ಲಿ
ನೆರಳಿಗೆ ಒಗ್ಗಿದ ಜಾಯಿ.
ಹಳದಿ ಹಣ್ಣು ಬಿರಿದು ಒಳಗೆ ಕೆಂಪು ಜಾಪತ್ರೆ,
ಅದರೊಳಗೆ ಕರಿ ಬೀಜ:
ಯಾರೋ ಬಲೆ ಬೀಸಿ ಹಿಡಿದ ಕಣ್ಣು.

ಕುಂಪಣಿ ಎಣಿಸುತ್ತಿತ್ತು.
ಮರ ಎಣಿಸಿತು. ಆಳು ಎಣಿಸಿತು.
ನಲವತ್ತನಾಲ್ಕು ಹಿರಿಯರನ್ನು ಬಿದಿರ ಬೇಲಿಯೊಳಗೆ ಕೂಡಿ
ಕೂಲಿಯ ಕತ್ತಿಗಳಿಂದ ಮತ್ತೆ ಎಣಿಸಿತು,
ಈ ಸಲ ತಲೆ ಬೇರೆ, ಮುಂಡ ಬೇರೆ.
ಆಮೇಲೆ ಬೀಜಕ್ಕೆ ಸುಣ್ಣ.
ಹಡಗೇರುವ ಜಾಯಿಕಾಯಿಯನ್ನು ತೊಟ್ಟಿಯಲ್ಲಿ ಅದ್ದಿದರು,
ಬೇರೆ ಯಾವ ಮಣ್ಣಲ್ಲೂ ಮೊಳೆಯದ ಹಾಗೆ.
ಪರಿಮಳವಿರಲಿ, ಬಸಿರು ಬೇಡ.
ಯಾವುದೋ ಚಳಿಯೂರಿನ ಮೇಜಿನ ಮೇಲೆ
ತುರಿಯುವ ಬೆಳ್ಳಿತಗಡಿಗೆ ಮೈ ತಿಕ್ಕಿಸಿಕೊಂಡು
ಬಿಸಿ ಹಾಲಲ್ಲಿ ಕರಗಲಿ, ಸಾಕು.

ಎಲ್ಲಕ್ಕೂ ಕಾಗದವಿತ್ತು, ಮೊಹರಿತ್ತು.
ಆದರೆ ಪಾರಿವಾಳ?
ಹಸಿರು ರೆಕ್ಕೆಯ ಆ ದಪ್ಪ ಹಕ್ಕಿಗೆ ಓದು ಬಾರದು.
ಹಣ್ಣು ನುಂಗಿತು, ಕಡಲು ದಾಟಿತು,
ಬೇಕಾದಲ್ಲಿ ಹಿಕ್ಕೆ ಹಾಕಿತು.
ಸುಣ್ಣ ಕಾಣದ ಬೀಜ,
ಅಪ್ಪಣೆಯಿಲ್ಲದ ಎರಡೆಲೆ.
ಕೊಡಲಿ ಹಿಡಿದು ದ್ವೀಪ ದ್ವೀಪ ಅಲೆದರಂತೆ ಕುಂಪಣಿಯವರು.
ಹಕ್ಕಿಯ ಹೊಟ್ಟೆಗೆ ಪಹರೆ ಹಾಕುವುದು ಹೇಗೆ?

ಇದನ್ನು ನಾನು ಹೇಳಿದಾಗ ಅಜ್ಜಿಗೆ ನಗು ತಡೆಯಲಿಲ್ಲ.
'ಹಾಗಾದರೆ ನಾವು ಹಕ್ಕಿಹಿಕ್ಕೆ' ಅಂದಳು
ನಮ್ಮ ಮಾತಲ್ಲಿ, ತೋಟಕ್ಕೆಲ್ಲ ಕೇಳುವಂತೆ.
ಲಾ ಜಾಮು ತಿಳಿಯದೆಯೂ ನಕ್ಕ.

ಕೊಡ ಅವನ ಹೆಂಡತಿಗೆ ಹೋಯಿತು.
ಬೆರಳಿಂದ ತಟ್ಟಿ ನೋಡಿದಳು, ಬಿರುಕಿಲ್ಲ.
ನೀರು ತುಂಬಿ ಹೊಸ್ತಿಲ ಬಳಿ ಇಟ್ಟಳು.

ಹೊರಡುವ ಹೊತ್ತಿಗೆ ಲಾ ಜಾಮು
ಅಜ್ಜಿಯ ಅಂಗೈಗೆ ಒಂದು ಹಸಿ ಬೀಜ ಒತ್ತಿ
ಆ ಪದ ಇನ್ನೊಮ್ಮೆ ಹೇಳೆಂದ.
ಹೇಳಿದಳು. ಅವನಂದ, ತಪ್ಪಾಯಿತು.
ಮತ್ತೆ ಹೇಳಿದಳು. ಮತ್ತೆ ತಪ್ಪು.
ಮೂರನೆಯ ಸಲ ಅರ್ಧ ಸರಿ.
ಹಡಗು ಕೂಗಿತು, ಹಗ್ಗ ಬಿಚ್ಚಿದರು.
ಧಕ್ಕೆಯ ಅಂಚಿನಲ್ಲಿ ಅವನ ಬಾಯಿ ಇನ್ನೂ ಆಡುತ್ತಿತ್ತು.
ನಾಲ್ಕನೆಯದು ಎಂಜಿನ್ನಿನ ಗದ್ದಲದಲ್ಲಿ
ನಮಗೆ ಕೇಳಿಸಲಿಲ್ಲ.