ಎಡಗೈ ಬಾಕಿ

ನವೆಂಬರ್ ಇಪ್ಪತ್ತಾರಕ್ಕೆ ಗುಡ್ಡದ ಅಂಚಿನಲ್ಲಿ
ಒಂದಿಷ್ಟು ಇಣುಕಿ ಸೂರ್ಯ ಹೋದ.
ಇನ್ನು ಜನವರಿ ನಡು ದಾಟಬೇಕು.
ಅಲ್ಲಿಯವರೆಗೆ ಮಧ್ಯಾಹ್ನಕ್ಕೊಂದು ತೆಳು ನೀಲಿ, ಅಷ್ಟೆ.

ಟ್ರೊಮ್ಸೊ ದಾಟಿ ಎರಡು ಲಾಂಚು ಬದಲಿಸಿದರೆ ಸಿಗುವ
ಈ ಊರಿನಲ್ಲಿ ಗುನ್‌ವೊರ್‌ಗೆ ಇದೊಂದು ಅನುಕೂಲ:
‘ಬೆಳಗಾಗಲಿ, ಮಾಡುತ್ತೇನೆ’ ಅಂದುಬಿಟ್ಟರೆ
ಐವತ್ತು ದಿನ ಯಾರೂ ಕೇಳುವ ಹಾಗಿಲ್ಲ.
ಬೆಳಗೇ ಆಗಿಲ್ಲವಲ್ಲ!

ನಾಳೆ ಅಂದವರ ಮನೆ ಹಾಳು ಅನ್ನುತ್ತದೆ ಗಾದೆ.
ಗಾದೆ ಈ ಮನೆಯೊಳಗೆ ಬಂದು ನೋಡಲಿ.
ಒಲೆ ಉರಿಯುತ್ತಿದೆ, ಕಿಟಕಿಯ ಗಾಜು ಫಳಫಳ,
ಒಣಮೀನಿನ ಡಬ್ಬಿಗೆ ಚೀಟಿ, ಚೀಟಿಗೆ ತಾರೀಖು.
ಒಂದು ಕೆಲಸದಿಂದ ತಪ್ಪಿಸಿಕೊಂಡವಳಷ್ಟು
ಕೆಲಸ ಮಾಡುವವರು ಯಾರಿದ್ದಾರೆ?
ನಿನ್ನೆ ಚಮಚಗಳನ್ನು ಉದ್ದ ನೋಡಿ ಜೋಡಿಸಿದಳು,
ಇವತ್ತು ಲಾಂಚಿನ ಹಳೆಯ ವೇಳಾಪಟ್ಟಿಗಳನ್ನು
ಇಸವಿ ನೋಡಿ.

ಇಪ್ಪತ್ತೆಂಟು ವರ್ಷ ಕಟ್ಟೆಯ ಮೇಲೆ ಕೂತು ಟಿಕೆಟ್ ಹರಿದವಳು.
ಅರೆ ನಿಮಿಷ ತಡವಾದನೆಂದು
ಪಾದ್ರಿಯನ್ನೇ ಬಿಟ್ಟು ಲಾಂಚು ಹೊರಡಿಸಿದವಳು.
(ಆ ದಿನ ಆಚೆ ದಡದಲ್ಲಿ ಮದುವೆಯಿತ್ತು.)
ಊರಿಗೆಲ್ಲ ಗಡಿಯಾರ ಆಗಿದ್ದವಳ
ಬುಟ್ಟಿಯಲ್ಲಿ ನೋಡಿ,
ಒಂಟಿ ಬಲಗೈ.

ಕೆಂಪು ಉಣ್ಣೆ. ಮಣಿಕಟ್ಟಿಗೆ ಬಿಳಿಯ ಎಂಟೆಸಳು.
ಹೆಬ್ಬೆರಳಿಗೆ ಬೇರೆ ಗೂಡು.
ಮೊಮ್ಮಗ ಯೋರುಂಡ್‌ಗೆ ನಾಲ್ಕು ತುಂಬಿದಾಗ
ಹತ್ತೇ ದಿನದಲ್ಲಿ ಹೆಣೆದದ್ದು.
ಎಡಗೈ ಬಾಕಿ.
ಈಗ ಅವನಿಗೆ ಏಳು.

ಮೊದಲನೆಯದನ್ನು ಹೆಣೆಯುವಾಗ ಕುತೂಹಲ ಇತ್ತು,
ಹೂವು ಮೂಡೀತೋ ಇಲ್ಲವೋ ಅಂತ.
ಮೂಡಿತು. ಇನ್ನೇನು?
ಎರಡನೆಯದರಲ್ಲಿ ಬರೀ ಎಣಿಕೆ.
ಅದಕ್ಕೇ ತಡ. ತಡವಾಯಿತೆಂದು ನಾಚಿಕೆ.
ನಾಚಿಕೆಯ ಮೇಲೊಂದು ಬಟ್ಟೆ,
ಬಟ್ಟೆಯ ಮೇಲೆ ಪತ್ರಿಕೆ,
ಪತ್ರಿಕೆಯ ಮೇಲೆ ಬೆಕ್ಕು.
ಮಲಗಿದ ಬೆಕ್ಕನ್ನು ಎಬ್ಬಿಸಲಾದೀತೇ?

ಡಿಸೆಂಬರ್ ನಡುವೆ ಒಂದು ಲಕೋಟೆ ಬಂತು.
ಒಳಗೆ ಮಗಳ ಎರಡು ಸಾಲು,
ಇನ್ನೊಂದು ಹಾಳೆಯಲ್ಲಿ ಒಂದು ಕೈ.
ಮೇಜಿನ ಮೇಲೆ ಅಂಗೈ ಊರಿ
ಬೆರಳ ಸುತ್ತ ಪೆನ್ಸಿಲ್ ಓಡಿಸಿದ್ದಾನೆ ಹುಡುಗ.
ಕಿರುಬೆರಳ ಹತ್ತಿರ ಗೆರೆ ಜಾರಿದೆ, ಕಚಗುಳಿಯಾಗಿರಬೇಕು.
‘ಅಜ್ಜಿ, ಇಷ್ಟಾಗಿದ್ದೇನೆ.’

ಪೆನ್ಸಿಲ್ ಹಿಡಿಯಲು ಬಲಗೈ ಬೇಕಿತ್ತು.
ಹಾಗಾಗಿ ಕಳಿಸಿದ್ದು
ಎಡಗೈ.

ಗುನ್‌ವೊರ್ ಹಾಳೆಯನ್ನು ಬುಟ್ಟಿಗೆ ಹಾಕಲು ಹೋದಳು.
ಬೆಕ್ಕು ತಾನಾಗಿಯೇ ಎದ್ದು ಹೋಗಿತ್ತು.
ಒಲೆಯ ಮೇಲೆ ಆಲೂಗಡ್ಡೆ ಬೇಯಲು ಇಟ್ಟಿದ್ದಳು.
ಬೇಯುವವರೆಗೆ, ಅಂದುಕೊಂಡಳು. ಬೆಂದ ಮೇಲೆ ನಿಲ್ಲಿಸಿದರಾಯಿತು.
ಕಡ್ಡಿಗೆ ನಲವತ್ತನಾಲ್ಕು ಕುಣಿಕೆ, ಎರಡು ಸುತ್ತು,
ಮೂರನೆಯದರಲ್ಲಿ ಲೆಕ್ಕ ತಪ್ಪಿ ಬಿಚ್ಚಿದಳು.
ಬೆಂದವು. ನಿಲ್ಲಿಸಿದಳು. ಉಂಡಳು.
ದೊಡ್ಡದೇನೂ ಆಗಲಿಲ್ಲ.
ಮರುದಿನ ಮತ್ತೆ ಆಲೂಗಡ್ಡೆ.
ಆ ಚಳಿಗಾಲ ಆ ಮನೆಯಲ್ಲಿ ಉಂಡಷ್ಟು ಆಲೂಗಡ್ಡೆ
ಊರಲ್ಲಿ ಯಾರೂ ಉಂಡಿರಲಿಕ್ಕಿಲ್ಲ.

ಜನವರಿ ಇಪ್ಪತ್ತೊಂದು.
ಶಾಲೆಯ ಹಿಂದಿನ ದಿಬ್ಬದ ಮೇಲೆ ಊರೆಲ್ಲ ನಿಂತಿದೆ,
ಕೈಗೊಂದು ಸಿಹಿ ಬನ್ನು.
ಒಂಬತ್ತು ನಿಮಿಷಕ್ಕೆಂದು ಸೂರ್ಯ ಬಂದ.
ಯೋರುಂಡ್ ಎಡಗೈ ಎತ್ತಿ ಬೀಸಿದ. ಕೆಂಪು, ಎಂಟೆಸಳು, ಸರಿಯಾದ ಅಳತೆ.
ಬಲಗೈಗೆ ಹಳೆಯದು ಹತ್ತಲಿಲ್ಲ,
ಹೆಬ್ಬೆರಳಲ್ಲೇ ಸಿಕ್ಕಿಕೊಂಡಿತು.
‘ಇದರ ಜೋಡಿ ಯಾವಾಗ, ಅಜ್ಜಿ?’

ನಾಲಿಗೆಯ ತುದಿಗೆ ಬಂದ ಮಾತು
ಮೂರು ವರ್ಷದ ಹಳೆಯ ಮಾತು.
ಅದನ್ನು ಬನ್ನಿನ ಜೊತೆ ನುಂಗಿ
ಮನೆಗೆ ನಡೆದಳು.
ಕೋಟೂ ಬಿಚ್ಚದೆ
ಆಲೂಗಡ್ಡೆ ಒಲೆಗಿಟ್ಟಳು.