ಚಾಲಕನ ಹೆಸರು, ತಂದೆಯ ಹೆಸರು

ಬ್ಯಾಸಗಿ. ಗಾಂಧಿ ಚೌಕ. ಬೆವರು ಕಣ್ಣಿಗಿಳಿದಿತ್ತು.
ಒರಸಾಕಂತ ಕೈ ಎತ್ತಿದೆ, ಅಷ್ಟ.
ಬಾರಾಕಮಾನ ಕಡಿಂದ ಬರಾಕತ್ತಿದ್ದ ಬಿಳಿ ಗಾಡಿ
ಗಪ್ಪನ ನಿಂತಬಿಡ್ತು.
ನಿಲ್ಲು ಅಂದಿರಲಿಲ್ಲ ನಾನು.
ಸ್ಟೇರಿಂಗಿನ ಹಿಂದ ಯಾರೂ ಇರಲಿಲ್ಲ.

ಹೋಗು ಅಂತ ಕೈ ಬೀಸಿದೆ. ಸೀಟಿ ಊದಿದೆ.
ನಮ್ಮಪ್ಪ ಬಿಜಲಿಗೆ ಅಂತಿದ್ದಂಗ
ನಾಲಿಗಿ ಅಂಗಳಕ್ಕ ಹಚ್ಚಿ ಟ್ಯಾ ಟ್ಯಾ ಅಂದೆ.
ಹಣ್ಣಿನ ಗಾಡಿಯವ ನಕ್ಕ.
ಹಿಂದ ಒಣದ್ರಾಕ್ಷಿ ಟೆಂಪೋ, ಇಂಡಿ ಬಸ್ಸು, ಎರಡು ಟಾಂಗಾ,
ಮದಿವಿ ಜೀಪಿನಾಗ ಅರಿಷಿಣ ಹಚ್ಚಿದ ಮದುಮಗ,
ಎಲ್ಲಾರೂ ನನ್ನನ್ನ ಬೈದ್ರು.
ಅದನ್ನ ಬೈದ್ರ ಯಾರಿಗಿ ತಾಗೂದು?

"ರಾಜಮಾ, ಕೇಸ್ ಹಾಕ್ರಿ," ವೈರ್‌ಲೆಸ್ಸಿನಾಗ ಸಾಹೇಬ್ರು.
ಹಾಳಿ ತಗದೆ. ತಪ್ಪು: ಸಂಚಾರಕ್ಕೆ ಅಡ್ಡಿ.
ಚಾಲಕನ ಹೆಸರು. ತಂದೆಯ ಹೆಸರು. ವಯಸ್ಸು.
ಖಾಲಿ ಬಿಡಬಾರದು ಅಂತ ಹೋದ ತಿಂಗಳ ಆದೇಶ.
ಕಂಪನಿ ನಂಬರಿಗಿ ಹಚ್ಚಿದೆ.
ಕನ್ನಡಕ್ಕಾಗಿ ಎರಡನ್ನು ಒತ್ತಿ ಅಂತು.
ಒತ್ತಿದೆ.
ಹಾಡು ಹಚ್ಚಿತು.

ನಾ ಸಣ್ಣಾಕಿ ಇದ್ದಾಗ
ನಮ್ಮಪ್ಪ ದಸ್ತಗೀರಸಾಬ ರಾತ್ರಿ ರೈಲಿನ ಸವಾರಿ ಮುಗಿಸಿ
ಟಾಂಗಾದಾಗ ನಿದ್ದಿ ಹೋಗ್ತಿದ್ದ.
ಬಿಜಲಿ ತಾನ ಗೋಳಗುಮ್ಮಟ ದಾಟಿ
ಜೋರಾಪುರ ಪೇಠದ ಸಂದಿ ಹೊಕ್ಕು
ನಮ್ಮ ಕದದ ಮುಂದ ನಿಂತು ಕಾಲು ಕೆರೀತಿತ್ತು.
ಒಂದಿನ ದೀಪ ಇಲ್ಲಂತ ಪೊಲೀಸಪ್ಪ ಹಿಡದ,
ಅಪ್ಪನ್ನ ಎಬ್ಬಿಸಿ ಬೈದ, ಐದು ರೂಪಾಯಿ ದಂಡ ಹಾಕಿದ.
ಅಪ್ಪ ಹೊಳ್ಳಿ ಕುದರಿನ್ನ ಬೈದ.
ಬಿಜಲಿ ಕಿವಿ ಹಿಂದ ಮಾಡ್ತು.
ಮುಂದ ಆ ಚೌಕ ಬಂದ್ರ ಸಾಕು,
ಅಪ್ಪ ಎಚ್ಚರ ಆಗೂತನಕ ಹೆಜ್ಜಿ ಎತ್ತತಿರಲಿಲ್ಲ.

ಇದರ ಕಿವಿ ಎಲ್ಲಿ ಹುಡುಕಲಿ?
ನೆತ್ತಿ ಮ್ಯಾಲ ಒಂದು ಡಬ್ಬಿ ಗರಗರ ತಿರಗತದ,
ನನ್ನ ಟೋಪಿ, ನನ್ನ ನಂಬರು, ನನ್ನ ಬೆವರು
ಎಲ್ಲಾ ಬರಕೋತದ.
ಅದರದೊಂದು ಅಕ್ಷರ ಬರಕೊಳ್ಳಾಕ ನನಗ ಬರವಲ್ತು.

ಹದಿನೆಂಟು ನಿಮಿಷಕ್ಕ ತಾನ ಹೋತು, ಯಾಕ ಅಂತ ಗೊತ್ತಿಲ್ಲ.
ಸಂಜಿಕ ದಂಡ ಜಮಾ ಆಗ್ಯದಂತ ಮೆಸೇಜು.
ಇಪ್ಪತ್ತೊಂದು ವರ್ಷದ ನೌಕರಿಯಾಗ
ಯಾರ ಫೋನೂ ಬರದ, ಯಾರ ಶಾಪಾನೂ ಇಲ್ಲದ
ದಂಡ ಅದೊಂದ.
ಹಾಳಿ ಇನ್ನೂ ಕಿಸೆದಾಗ ಅದ.
ತಂದೆಯ ಹೆಸರು ಅನ್ನೂದರ ಮುಂದ
ಪೆನ್ನು ಊರಿ ಊರಿ ತೂತು ಬಿದ್ದದ.

ನಾಳಿಂದ ಬೆವರು ಬಂದ್ರ ಒರಸೂದಿಲ್ಲ.
ಕಣ್ಣು ಉರದ್ರ ಉರೀಲಿ.