ಸರಾಸರಿ

ಫಾರ್ಮಿನೊಳಗ ಎರಡ ಮನಿ:
ಗಂಡಸರ ಸರಾಸರಿ ಪಗಾರ,
ಹೆಂಗಸರ ಸರಾಸರಿ ಪಗಾರ.
‘ಸಂಜಿಕ ಕಳಸಬೇಕವಾ’ ಅಂದು ಕುಬಿಹಾಳ ಸಾಹೇಬರು
ಗೋಕುಲ ರೋಡಿಗೆ ಚಾ ಕುಡ್ಯಾಕ ಹೋದರು.

ಎಂಟು ವರ್ಷ ಆತು,
ಈ ವಾಲ್ವ್ ಫ್ಯಾಕ್ಟರಿಯ ಪಗಾರ ಹಾಕಾಕಿ ನಾನ.
ಒಂದೊಂದು ಸಾಲು ಅಡ್ಡ ಓದೀನಿ,
ಮ್ಯಾಲಿಂದ ಕೆಳಗ ಒಮ್ಮೆನೂ ಓದಿದ್ದಿಲ್ಲ.

ಕೂಡಿಸಿದೆ. ಭಾಗಿಸಿದೆ.
ಗಂಡಸರಿಗೆ ನೂರು ಅಂದ್ರ
ಹೆಂಗಸರಿಗೆ ಎಪ್ಪತ್ತೊಂದು.
ನಂದ ತಪ್ಪಿರಬೇಕಂತ ಮತ್ತ ಕೂಡಿಸಿದೆ,
ಈ ಸಲ ಪೈಸಾ ಸಹಿತ.
ಎಪ್ಪತ್ತೊಂದು.

ಸಾಹೇಬರು ಬಂದು ಚಾಳೀಸು ಏರಿಸಿದರು:
‘ಹಂಗಲ್ಲವಾ, ಅವರ ಕೆಲಸಾನ ಬ್ಯಾರೆ.
ಒಂದ ಕೆಲಸಕ್ಕ ಒಂದ ಪಗಾರ, ನಮ್ಮಲ್ಲಿ ಭೇದಿಲ್ಲ.’
ಖರೇನ. ಹುದ್ದೆಯ ಕಾಲಂ ನೋಡಿದೆ.
ಗಂಡಸರು ‘ತಪಾಸಣಿಗಾರ’,
ಹೆಂಗಸರು ‘ಸಹಾಯಕಿ’.

ಊಟದ ಸೀಟಿ ಆದಮ್ಯಾಲೆ ಕೆಳಗ ಇಳದೆ.
ನೀರು ಒತ್ತಿ, ವಾಲ್ವ್ ಸೋರತೈತೇನು ನೋಡೋ ಮೇಜು.
ಈ ತುದಿಗೆ ತಪಾಸಣಿಗಾರ ಬಸಲಿಂಗ,
ಆ ತುದಿಗೆ ಸಹಾಯಕಿ ಮಾಬೂಬಿ ನದಾಫ.
ಇಬ್ಬರ ಮುಂದೂ ಅದ ಮುಳ್ಳು,
ಇಬ್ಬರ ತೋಳೂ ಮೊಣಕೈತನಕ ಒದ್ದಿ.
ಮುಳ್ಳು ಕೈ ಯಾರದಂತ ಕೇಳೂದಿಲ್ಲ,
ಸೋರಿದ್ರ ಸೋರೇತಿ ಅಂತೈತಿ, ಅಷ್ಟ.

‘ಮಾಬೂಬಿ, ನೀ ಯಾರಿಗೆ ಸಹಾಯ ಮಾಡತಿ?’
ಆಕಿ ವಾಲ್ವಿನ ಮೂತಿ ಒರಸಿ ಯೋಚನಿ ಮಾಡಿದಳು.
‘ಇವಂಗ ಕೆಲಸ ಕಲಿಸಿದ್ದೆರಿ, ಹ್ವಾದ ವರ್ಷ.’
ಬಸಲಿಂಗ ಹಲ್ಲು ಕಿರದ: ‘ಹೌದ್ರಿ, ಅಕ್ಕಾನ ಕಲಿಸ್ಯಾಳ.’

ತಿರುಗಿ ಬಂದು ಹಳೇ ಕಪಾಟು ತಗದೆ, ಯಾಕೋ.
ನನಗಿಂತ ಮೊದಲು ಈ ಕುರ್ಚ್ಯಾಗ ಕೂತಿದ್ದ
ಕಲ್ಲಪ್ಪ ಹೆಬಸೂರರ ಕಡೀ ಪಗಾರ ಚೀಟಿ:
ಹದಿನೆಂಟು ಸಾವಿರದ ನಾಕನೂರು.
ನಂದು, ಎಂಟು ವರ್ಷದ ಈಚಿಗೆ, ಹೋದ ತಿಂಗಳದ್ದು:
ಹದಿನೇಳು ಸಾವಿರದ ಒಂಬೈನೂರು.
ಕುರ್ಚಿ ಅದ. ಮ್ಯಾಲಿನ ದಿಂಬು ಅಷ್ಟ
ನಾ ಮನಿಯಿಂದ ತಂದದ್ದು.

ನೆನಪಾತು.
ಇಂಟರ್‌ವ್ಯೂದಾಗ ಕೇಳಿದ್ದರು, ‘ಯಜಮಾನರು ದುಡೀತಾರಲ್ಲ?
ನಿನಗ ಎಷ್ಟು ಬೇಕವಾ?’
ಸೀರಿ ಸೆರಗು ಬೆರಳಿಗೆ ಸುತಕೊಂಡು ನಾನ ಅಂದಿದ್ದೆ:
‘ನಿಮಗ ತಿಳದಷ್ಟು ಕೊಡ್ರಿ ಸರ್.’
ಆ ‘ತಿಳದಷ್ಟು’ ಬರಿಯಾಕ
ಈ ಫಾರ್ಮಿನ್ಯಾಗ ಮನಿ ಇಲ್ಲ.

ಆರು ಹೊಡೀತು. ‘ಕಳಿಸಿದೇನವಾ?’
‘ಕಳಿಸೀನ್ರಿ.’
‘ಎಷ್ಟಂತ ಬರದಿ?’
‘ಬಂದಷ್ಟು.’

ಅವರು ಸುಮ್ಮನ ನಿಂತರು, ಬ್ಯಾಗಿನ ಜಿಪ್ಪು ಹಾಕತ.
ನಾ ಮುಂದಿನ ತಿಂಗಳ ಪಟ್ಟಿ ತಗದೆ.
ಮಾಬೂಬಿ ನದಾಫ. ಹುದ್ದೆ:
‘ತಪಾಸಣಿಗಾರ್ತಿ’ ಅಂತ ಹೊಡದೆ.
ಕಂಪ್ಯೂಟರು ಅದರ ಕೆಳಗ ಕೆಂಪು ಗೆರಿ ಎಳೀತು,
ಇಂಥಾ ಶಬ್ದಾನ ಇಲ್ಲಂತ.
ಇರಲಿ ಅಂತ ಬಿಟ್ಟೆ.